ಸತ್ತ ಹಕ್ಕಿಯ ಸಾಕ್ಷ್ಯ

2024ರ ನವೆಂಬರಿನಲ್ಲಿ ಕಾರವಾರದ ಜನ ಒಂದು ರಣಹದ್ದನ್ನು ಕಂಡು ಬೆರಗಾದರು. ಬೆರಗು ಭಯವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಕ್ಕಿಯ ಬೆನ್ನಮೇಲೆ ಸಣ್ಣದೊಂದು ಯಂತ್ರವಿತ್ತು. ಒಂದು ಕಡೆ ನೌಕಾನೆಲೆ, ಇನ್ನೊಂದು ಕಡೆ ಕೈಗಾದ ಅಣುವಿದ್ಯುತ್ ಸ್ಥಾವರ. ನಡುವೆ ಯಂತ್ರ ಹೊತ್ತ ಹದ್ದು! ಇದು ಯಾರದೋ ಗೂಢಚಾರನಿರಬೇಕೆಂಬ ಮಾತು ಊರಲ್ಲೆಲ್ಲ ಹರಡಿತು. ಅರಣ್ಯ ಇಲಾಖೆಯವರು ವಿಚಾರಿಸಲಾಗಿ, ರಣಹದ್ದುಗಳ ಸಂಚಾರವನ್ನು ಅಭ್ಯಸಿಸುವುದಕ್ಕೆಂದು ಮಹಾರಾಷ್ಟ್ರದಲ್ಲಿ ಯಂತ್ರ ಕಟ್ಟಿ ಬಿಟ್ಟ ಹಕ್ಕಿ ಅದೆಂದು ತಿಳಿದುಬಂದಿತು. ಮರುವರ್ಷ ಡಿಸೆಂಬರಿನಲ್ಲಿ ಅದೇ ಊರಿನ ಕಡಲತೀರದಲ್ಲಿ ಗಾಯಗೊಂಡ ಕಡಲಹಕ್ಕಿಯೊಂದು ಸಿಕ್ಕಿತು. ಅದರ ಮೈಮೇಲಿದ್ದ ಯಂತ್ರದಲ್ಲಿ ಚೀನದ ವಿಜ್ಞಾನ ಸಂಸ್ಥೆಯೊಂದರ ಹೆಸರು. ಮತ್ತೆ ಅದೇ ಗುಸುಗುಸು.

ಇದನ್ನು ಕೇಳಿ ನಗುವುದು ಸುಲಭ. ಆದರೆ ದೂರದಿಂದ ಬಂದ ಹಕ್ಕಿಯನ್ನು ಶಂಕಿಸುವುದರಲ್ಲಿ ಕಾರವಾರದವರು ಮೊದಲಿಗರಲ್ಲ. ದೊಡ್ಡ ದೊಡ್ಡ ಪಂಡಿತರೂ ಆ ಸಾಲಿನಲ್ಲಿದ್ದಾರೆ. ಹಕ್ಕಿ ಏನನ್ನು ಹೊತ್ತು ತಂದಿತು ಎಂದು ಕೇಳುವುದಕ್ಕೆ ಮನುಷ್ಯನಿಗೆ ಇರುವ ಆತುರ, ಹಕ್ಕಿಗೆ ಏನಾಯಿತು ಎಂದು ಕೇಳುವುದಕ್ಕೆ ಇದ್ದಂತೆ ತೋರುವುದಿಲ್ಲ. ಹಕ್ಕಿಗಳ ಸಾಂಕ್ರಾಮಿಕ ರೋಗಗಳು ದೇಶದೇಶಗಳ ಗಡಿ ದಾಟುತ್ತಿರುವ ಈ ಕಾಲದಲ್ಲಿ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದದ್ದು. ಅದಕ್ಕೆ ಉತ್ತರ ಹುಡುಕುವ ದಾರಿ ಎಷ್ಟು ವಕ್ರವಾದದ್ದೆಂಬುದಕ್ಕೆ ಕಾರವಾರಕ್ಕೆ ಬಂದ ಆ ರಣಹದ್ದಿನ ಕುಲದ ಕತೆಯೇ ಸಾಕು. ಅದಕ್ಕೆ ಮೊದಲು ಇನ್ನೊಂದು ಕತೆಯನ್ನು ಹೇಳಬೇಕು. ಅದು ನಮ್ಮ ನೆರೆಯಲ್ಲೇ ನಡೆದದ್ದು.

ಉತ್ತರ ಕನ್ನಡ ಜಿಲ್ಲೆಗೆ ತಾಗಿಕೊಂಡಿರುವ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರ ಬೇಸಗೆಯ ಮೊದಲಿಗೆ ಮಂಗಗಳು ಸಾಯತೊಡಗಿದವು. ಸೌದೆಗೆ, ಸೊಪ್ಪಿಗೆ ಕಾಡು ಹೊಕ್ಕವರು ಜ್ವರ ಹತ್ತಿ ಮಲಗಿದರು, ಕೆಲವರು ಏಳಲಿಲ್ಲ. ಪುಣೆಯಲ್ಲಿ 1952ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದವರು ಟೆಲ್ಫೋರ್ಡ್ ವರ್ಕ್ ಅವರ ನೇತೃತ್ವದಲ್ಲಿ ಧಾವಿಸಿದರು. ಆಫ್ರಿಕದ ಹಳದಿ ಜ್ವರವೇ ಇಲ್ಲಿಗೂ ಬಂತೇನೋ ಎಂಬುದು ಅವರ ಮೊದಲ ಭಯ. ಆದರೆ ಸಿಕ್ಕಿದ ವೈರಾಣು ಬೇರೆಯೇ ಆಗಿತ್ತು. ರಷ್ಯದ ಕಾಡುಗಳಲ್ಲಿ, ಸೈಬೀರಿಯದ ಓಮ್ಸ್ಕ್ ಪ್ರಾಂತದಲ್ಲಿ ಉಣುಗು ಕಚ್ಚುವುದರಿಂದ ಹರಡುವ ರೋಗಗಳ ವೈರಾಣುವಿಗೆ ಅದು ಹತ್ತಿರದ ಸಂಬಂಧಿ. ಸೈಬೀರಿಯದ ನಂಟ ಸಹ್ಯಾದ್ರಿಗೆ ಬಂದದ್ದು ಹೇಗೆ? ಚಳಿಗಾಲ ಬಂದೊಡನೆ ಸೈಬೀರಿಯದಿಂದ ಇಲ್ಲಿಗೆ ಬರುವವರು ಯಾರು? ಬೆರಳು ತಾನಾಗಿಯೇ ಹಕ್ಕಿಗಳ ಕಡೆಗೆ ತಿರುಗಿತು.

ಈ ಶಂಕೆಯಿಂದ ಒಂದು ಒಳ್ಳೆಯ ಕೆಲಸವೂ ಆಯಿತೆನ್ನಬೇಕು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ನಿಸರ್ಗ ಇತಿಹಾಸ ಸಂಘದವರು, ಸಲೀಂ ಅಲಿಯವರ ಮುಂದಾಳುತನದಲ್ಲಿ, 1959ರಿಂದ ವಲಸೆಹಕ್ಕಿಗಳನ್ನು ಹಿಡಿದು ಕಾಲಿಗೆ ಬಳೆ ತೊಡಿಸಿ ಬಿಡುವ ಮಹಾಕಾರ್ಯವನ್ನು ಕೈಗೊಂಡರು. ಹಿಡಿದ ಹಕ್ಕಿಯ ಮೈಯಿಂದ ಉಣುಗುಗಳನ್ನು ಆರಿಸಿ ಪರೀಕ್ಷೆಗೆ ಕಳುಹಿಸಲಾಯಿತು. ಕಾಲಕ್ರಮದಲ್ಲಿ ಹಕ್ಕಿಗಳ ಹಾದಿಯ ಬಗ್ಗೆ ನಮಗೆ ತಿಳಿದದ್ದು ಅಪಾರ. ಆದರೆ ಮಂಗನ ಕಾಯಿಲೆಯನ್ನು ಅವು ಹೊತ್ತು ತಂದವೆಂಬ ಆಪಾದನೆಗೆ ಆಧಾರ ದೊರೆಯಲಿಲ್ಲ. ಅಪರಾಧಿ ಊರಿನೊಳಗೇ ಇತ್ತು. ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣುಗು. ಕಾಡನ್ನು ಕಡಿದು ಗದ್ದೆಯನ್ನು ಮುಂದೊತ್ತಿದಂತೆ, ಕಾಡಂಚಿನಲ್ಲಿ ದನಗಳ ಮೇವು ಹೆಚ್ಚಿದಂತೆ, ಆ ಉಣುಗಿಗೆ ಆಹಾರವೂ ಹೆಚ್ಚಿತೆಂದು ಮುಂದೆ ಶೋಧಕರು ತೋರಿಸಿಕೊಟ್ಟರು. ಅಷ್ಟರಲ್ಲಿ ಹಕ್ಕಿಗಳ ಅಧ್ಯಯನಕ್ಕೇ ಇನ್ನೊಂದು ಕಳಂಕ ತಗಲಿತು. ಅಮೆರಿಕದ ಸೈನ್ಯಕ್ಕೆ ಸೇರಿದ ಸಂಸ್ಥೆಯೊಂದರ ಹಣ ಇದರಲ್ಲಿ ಬಳಕೆಯಾದದ್ದನ್ನು 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕಟುವಾಗಿ ಪ್ರಶ್ನಿಸಿತು. ರೋಗಾಣುವನ್ನೇ ಆಯುಧ ಮಾಡಿಕೊಳ್ಳುವ ಹಂಚಿಕೆಯಿದೆಯೆ ಎಂಬ ಸಂಶಯ ಎದ್ದಿತು. ಕಾರವಾರದ ಗುಸುಗುಸುವಿಗೆ ಇಂಥ ಕುಲೀನ ಪೂರ್ವಜರಿದ್ದಾರೆ. ಇತ್ತ ಮಂಗನ ಕಾಯಿಲೆಯಾದರೋ ಯಾರ ಸಂಶಯಕ್ಕೂ ಕಾಯದೆ ಘಟ್ಟದಲ್ಲಿ ಹಬ್ಬುತ್ತಲೇ ಹೋಯಿತು. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಅದು ಮತ್ತೆ ಜನರನ್ನು ಬಲಿ ತೆಗೆದುಕೊಂಡಿತು.

ಇನ್ನು ರಣಹದ್ದಿನ ಕತೆ. ಇಲ್ಲಿ ತಪ್ಪು ತಿರುಗುಮುರುಗಾಗಿದೆ. ಸಲೀಂ ಅಲಿಯವರ ಸಂಗಡಿಗರು ಬಳೆ ತೊಡಿಸುತ್ತಿದ್ದ ಕೇಂದ್ರಗಳಲ್ಲಿ ರಾಜಸ್ಥಾನದ ಭರತಪುರವೂ ಒಂದು. ಅದೇ ಭರತಪುರದ ಕೇವಲಾದೇವ ಪಕ್ಷಿಧಾಮದಲ್ಲಿ ವಿಭು ಪ್ರಕಾಶರು 1987-88ರಲ್ಲಿ ಬಿಳಿಬೆನ್ನಿನ ರಣಹದ್ದಿನ 353 ಜೋಡಿಗಳು ಗೂಡು ಕಟ್ಟಿದ್ದನ್ನು ಎಣಿಸಿದ್ದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಗೂಡುಗಳು ಬರಿದಾಗಿದ್ದವು. ಹೊಸ ಶತಮಾನ ಹುಟ್ಟುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಹಕ್ಕಿಗಳು ಕತ್ತು ಜೋಲುಹಾಕಿ ವಾರಗಟ್ಟಲೆ ಕೊಂಬೆಯಲ್ಲಿ ಕುಳಿತಿರುತ್ತಿದ್ದವು. ಒಂದು ದಿನ ಉದುರುತ್ತಿದ್ದವು. ದೇಶದ ಎಲ್ಲ ಮೂಲೆಗಳಲ್ಲಿಯೂ ಇದೇ ದೃಶ್ಯ. ಹಳೆಯ ಹಕ್ಕಿ, ಎಳೆಯ ಹಕ್ಕಿ ಎಂಬ ಭೇದವಿಲ್ಲ. ಆದರೆ ಅದೇ ಹೆಣವನ್ನು ಹಂಚಿ ತಿನ್ನುವ ನಾಯಿಗೂ ಕಾಗೆಗೂ ಏನೂ ಆಗುತ್ತಿರಲಿಲ್ಲ. ಒಂದೇ ಕುಲವನ್ನು ಹಿಡಿದು, ಊರಿಂದೂರಿಗೆ ಹಬ್ಬಿ ಕೊಲ್ಲುವುದು ಯಾವುದು? ಸಾಂಕ್ರಾಮಿಕ ರೋಗ. ಇಂಥದೊಂದು ಹೊಸ ವೈರಾಣುವಿರಬೇಕೆಂದು ತಜ್ಞರು ಊಹಿಸಿದರು. ಲಕ್ಷಣಗಳೆಲ್ಲ ಆ ಊಹೆಗೆ ಹೊಂದುತ್ತಿದ್ದವು. ವರ್ಷಗಳು ವೈರಾಣುವಿನ ಬೇಟೆಯಲ್ಲಿ ಕಳೆದವು.

ಉತ್ತರ ಸಿಕ್ಕಿದ್ದು ಗಡಿಯಾಚೆ. ಪಾಕಿಸ್ತಾನದ ಪಂಜಾಬಿನಲ್ಲಿ ಲಿಂಡ್ಸೆ ಓಕ್ಸ್ ಮತ್ತು ಅವರ ಜತೆಗಾರರು 2000ದಿಂದ ಸತ್ತ ರಣಹದ್ದುಗಳನ್ನು ಒಂದೊಂದಾಗಿ ಕೊಯ್ದು ನೋಡುತ್ತ ಬಂದರು. ಬಹುಪಾಲು ಹಕ್ಕಿಗಳ ಒಳ ಅಂಗಾಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲದ ಬಿಳಿಯ ಪುಡಿ, ಮೂತ್ರಪಿಂಡಗಳು ಕೆಟ್ಟುಹೋಗಿದ್ದವು. ವೈರಾಣು ಇಲ್ಲ, ಸೂಕ್ಷ್ಮಜೀವಿ ಇಲ್ಲ, ಸೀಸ ಇಲ್ಲ, ಕೀಟನಾಶಕವೂ ಇಲ್ಲ. ಕೊನೆಗೆ ಅವರು ಔಷಧದ ಅಂಗಡಿಗಳ ಕಡೆ ತಿರುಗಿದರು. ದನಕ್ಕೆ ನೋವಾದರೆ ರೈತರು ಕೊಡಿಸುವ ಮದ್ದು ಯಾವುದು, ಹಕ್ಕಿಯ ಮೂತ್ರಪಿಂಡವನ್ನು ಕೆಡಿಸಬಲ್ಲದ್ದು ಅದರಲ್ಲಿ ಯಾವುದು? ಉತ್ತರ, ಡೈಕ್ಲೋಫಿನಾಕ್. ಸುಣ್ಣ ಬಳಿದಂತಿದ್ದ ಪ್ರತಿಯೊಂದು ಹಕ್ಕಿಯ ಮೂತ್ರಪಿಂಡದಲ್ಲಿಯೂ ಅದು ಸಿಕ್ಕಿತು. ಬೇರೆ ಕಾರಣದಿಂದ ಸತ್ತವುಗಳಲ್ಲಿ ಸಿಗಲಿಲ್ಲ. 2004ರಲ್ಲಿ ಈ ಶೋಧ ಪ್ರಕಟವಾಯಿತು. 2006ರಲ್ಲಿ ಭಾರತ ಸರಕಾರ ದನಗಳ ಚಿಕಿತ್ಸೆಯಲ್ಲಿ ಆ ಮದ್ದನ್ನು ನಿಷೇಧಿಸಿತು. ಅಷ್ಟರೊಳಗೆ ಸಾವಿರ ಬಿಳಿಬೆನ್ನಿನ ರಣಹದ್ದುಗಳಿದ್ದ ಕಡೆ ಒಂದೆರಡು ಉಳಿದಿದ್ದವು. ರೋಗಿಗೆ ದಯೆಯಿಂದ ಕೊಟ್ಟ ಮದ್ದು ರೋಗಿಯ ಹೆಣವನ್ನು ಉಂಡವನನ್ನು ಕೊಂದಿತ್ತು. ಇಂದು ಉಳಿದವುಗಳ ಬೆನ್ನಿಗೆ ಯಂತ್ರ ಕಟ್ಟಿ, ಎಲ್ಲಿ ಹೋಗುತ್ತವೆ, ಏನು ತಿನ್ನುತ್ತವೆ ಎಂದು ಕಾಯಬೇಕಾಗಿ ಬಂದದ್ದು ಈ ಕಾರಣದಿಂದ. ಕಾರವಾರದ ಜನ ಗೂಢಚಾರನೆಂದು ಬಗೆದದ್ದು ಇಂಥ ಅಳಿದುಳಿದ ಸಂತತಿಯೊಂದನ್ನು.

ರಾಜಸ್ಥಾನದ ಸಾಂಭರ್ ಉಪ್ಪಿನ ಸರೋವರದಲ್ಲಿ 2019ರ ನವೆಂಬರಿನಲ್ಲಿ ಹದಿನೆಂಟು ಸಾವಿರಕ್ಕೂ ಮಿಕ್ಕಿ ಹಕ್ಕಿಗಳು ಸತ್ತಾಗಲೂ ಮೊದಲ ಮಾತು ಹಕ್ಕಿಜ್ವರದ್ದೇ. ಭೋಪಾಲದ ಪ್ರಯೋಗಾಲಯ ಅದಲ್ಲವೆಂದಿತು. ಬರೇಲಿಯ ಪಶುವೈದ್ಯ ಸಂಶೋಧನ ಸಂಸ್ಥೆ ಬಾಟುಲಿಸಂ ಎಂಬ ವಿಷಪ್ರಕರಣವೆಂದು ಕಂಡುಹಿಡಿಯಿತು. ಗಾಳಿಯಿಲ್ಲದ ಕೆಸರಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಯ ವಿಷ ಅದು. ಸತ್ತ ಹಕ್ಕಿಯ ಮೈಯಲ್ಲಿ ಹುಳುವಾಗುತ್ತದೆ, ವಿಷ ತುಂಬಿದ ಆ ಹುಳುವನ್ನು ತಿಂದ ಇನ್ನೊಂದು ಹಕ್ಕಿ ಸಾಯುತ್ತದೆ. ಇಲ್ಲಿ ಪರಿಹಾರ ಲಸಿಕೆಯಲ್ಲ, ಮದ್ದೂ ಅಲ್ಲ. ಹೆಣಗಳನ್ನು ಬೇಗ ಎತ್ತುವುದು. ಕಾರಣ ಯಾವುದೆಂದು ತಿಳಿಯದಿದ್ದರೆ ಇಷ್ಟು ಸರಳವಾದ ಕೆಲಸವೂ ತಡವಾಗುತ್ತದೆ.

ಹಾಗೆಂದು ವಲಸೆಹಕ್ಕಿಗಳನ್ನು ಸಂಪೂರ್ಣ ನಿರ್ದೋಷಿಗಳೆಂದು ಬಿಟ್ಟುಬಿಡುವುದೂ ಸತ್ಯಕ್ಕೆ ದೂರ. ಎಚ್5ಎನ್1 ಎಂಬ ಹಕ್ಕಿಜ್ವರದ ವೈರಾಣು 1996ರಲ್ಲಿ ಚೀನದ ಗ್ವಾಂಗ್‌ಡಾಂಗಿನಲ್ಲಿ ಸಾಕಿದ ಹೆಬ್ಬಾತುಗಳಲ್ಲಿ ಕಂಡಿತು. ಮರುವರ್ಷ ಹಾಂಗ್‌ಕಾಂಗಿನಲ್ಲಿ 18 ಜನರಿಗೆ ತಗಲಿ 6 ಜನರನ್ನು ಕೊಂದಿತು. ಅಂದರೆ ಅದು ಮನುಷ್ಯನ ಕೊಟ್ಟಿಗೆಯಿಂದ ಹೊರಟದ್ದು. 2005ರಲ್ಲಿ ಚೀನದ ಚಿಂಗ್ಹಾಯ್ ಸರೋವರದಲ್ಲಿ ಸಾವಿರಾರು ಕಾಡುಹಕ್ಕಿಗಳು ಅದಕ್ಕೆ ಬಲಿಯಾದವು. ಪಟ್ಟೆತಲೆಯ ಹೆಬ್ಬಾತುಗಳೇ ಹೆಚ್ಚು. ಆ ಜಾತಿಯ ಹೆಬ್ಬಾತು ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತದೆಂಬುದನ್ನು ನೆನೆದರೆ ಸರೋವರ ನಮಗೆ ಅಷ್ಟೇನೂ ದೂರವೆನಿಸುವುದಿಲ್ಲ. ಕೊಟ್ಟಿಗೆಯಿಂದ ಕಾಡಿಗೆ ಹೋದ ವೈರಾಣು ಕಾಡುಹಕ್ಕಿಯ ರೆಕ್ಕೆಯೇರಿ ಮತ್ತೆ ಕೊಟ್ಟಿಗೆಗೆ ಮರಳುತ್ತಿದೆ. 2022ರಿಂದೀಚೆಗೆ ಬ್ರಿಟನ್ನಿನಿಂದ ಪೆರುವಿನವರೆಗೆ ಕಡಲಹಕ್ಕಿಗಳ ಕಾಲನಿಗಳೇ ಅದರಿಂದ ಬರಿದಾಗಿವೆ. ಆದರೆ ಅದು ಲಾರಿಯನ್ನೂ ಏರುತ್ತದೆ, ಮೊಟ್ಟೆಯ ತಟ್ಟೆಯನ್ನೂ ಏರುತ್ತದೆ, ಕೋಳಿಗೂಡಿನಿಂದ ಕೋಳಿಗೂಡಿಗೆ ನಡೆಯುವ ಕಾಲಿನ ಚಪ್ಪಲಿಯನ್ನೂ ಏರುತ್ತದೆ. ಹಕ್ಕಿಯನ್ನು ಬೈಯುವಾಗ ಈ ವಾಹನಗಳನ್ನು ನಾವು ಮರೆಯುತ್ತೇವೆ.

ಭಾರತಕ್ಕೆ ಅದು 2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕಾಲಿಟ್ಟಿತು. ಕರ್ನಾಟಕದಲ್ಲಿ 2012ರ ಅಕ್ಟೋಬರಿನಲ್ಲಿ ಅದು ಕಂಡದ್ದು ಯಾವ ಕುಗ್ರಾಮದ ಅಂಗಳದಲ್ಲಿಯೂ ಅಲ್ಲ. ಬೆಂಗಳೂರಿನ ಮಗ್ಗುಲಿನ ಹೆಸರಘಟ್ಟದಲ್ಲಿ, ಕೇಂದ್ರ ಸರಕಾರದ ಕುಕ್ಕುಟಾಭಿವೃದ್ಧಿ ಸಂಸ್ಥೆಯ ಟರ್ಕಿಕೋಳಿಗಳಲ್ಲಿ! 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲು ಮತ್ತು ಹರಿಹರ ತಾಲೂಕಿನ ಬನ್ನಿಕೋಡು, 2025ರ ಮೊದಲ ತಿಂಗಳುಗಳಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ ಮತ್ತು ಬಳ್ಳಾರಿ ಜಿಲ್ಲೆಯ ಕುರೆಕುಪ್ಪ. ಪ್ರತಿಸಲವೂ ಕ್ರಮ ಒಂದೇ. ಸತ್ತ ಹಕ್ಕಿಯ ಗಂಟಲು ಮತ್ತು ಗುದದ್ವಾರದ ದ್ರವವನ್ನು ಹಿಮದಲ್ಲಿಟ್ಟು ಭೋಪಾಲದ ಉನ್ನತ ಭದ್ರತೆಯ ಪಶುರೋಗ ಸಂಸ್ಥೆಗೆ ಕಳುಹಿಸಬೇಕು. ಅಲ್ಲಿಂದ ಹೌದೆಂಬ ಮಾತು ಬಂದರೆ ಸುತ್ತಲಿನ ಒಂದು ಕಿಲೋಮೀಟರಿನೊಳಗಣ ಕೋಳಿಗಳನ್ನೆಲ್ಲ ಕೊಂದು ಹೂಳಬೇಕು, ಹತ್ತು ಕಿಲೋಮೀಟರಿನವರೆಗೆ ಕಾವಲಿಡಬೇಕು. ಇಂದಿನ ಪ್ರಯೋಗಾಲಯ ವೈರಾಣುವಿನ ವಂಶಾವಳಿಯನ್ನೇ ಓದಬಲ್ಲದು. ಇದು ಯಾವ ದೇಶದ ಯಾವ ವರ್ಷದ ವೈರಾಣುವಿನ ಮೊಮ್ಮಗ ಎಂದು ಹೇಳಬಲ್ಲದು. ಆದರೆ ಒಂದು ಮಾತನ್ನು ಅದು ಹೇಳಲಾರದು. ತನ್ನ ಬಾಗಿಲಿಗೆ ಬಾರದ ಹಕ್ಕಿ ಯಾವುದರಿಂದ ಸತ್ತಿತೆಂಬುದನ್ನು.

ಈಗ ಅಂಕೋಲೆಗೆ ಬರೋಣ. ಗಂಗಾವಳಿಯ ದಡದಿಂದ ಕಾಳಿಯ ದಡದವರೆಗಿನ ಈ ಪಟ್ಟಿಯಲ್ಲಿ ದೊಡ್ಡ ಕೋಳಿಸಾಕಣೆಗಿಂತ ಅಂಗಳದ ಕೋಳಿಯ ಮಾತೇ ಹೆಚ್ಚಿನದು. ಹಾಲಕ್ಕಿ ಒಕ್ಕಲಿಗರ ಕೊಪ್ಪದಲ್ಲಾಗಲಿ, ಮೀನುಗಾರರ ಕೇರಿಯಲ್ಲಾಗಲಿ, ನಾಲ್ಕು ಊರಕೋಳಿಗಳಿಲ್ಲದ ಮನೆ ವಿರಳ. ನೆಂಟರು ಬಂದರೆ ಅದು ಊಟ, ಹರಕೆಗೆ ಅದು ಬಲಿ, ಮಗುವಿಗೆ ಜ್ವರ ಬಂದರೆ ಅದೇ ಔಷಧದ ಹಣ. ಅಂಚೆಕಚೇರಿಯ ಉಳಿತಾಯ ಪುಸ್ತಕಕ್ಕಿಂತ ಹಳೆಯದಾದ ಉಳಿತಾಯ ಅದು. ಅದರ ಲೆಕ್ಕ ಮನೆಯ ಹೆಂಗಸಿನ ಕೈಯಲ್ಲಿರುತ್ತದೆ. ಆ ಉಳಿತಾಯವನ್ನು ದೋಚುವ ಹಳೆಯ ಕಳ್ಳನಿಗೆ ನಮ್ಮವರು ಇಟ್ಟ ಹೆಸರು ಕೊಕ್ಕರೆ ರೋಗ. ಪುಸ್ತಕದಲ್ಲಿ ಅದು ರಾಣಿಖೇತ್ ರೋಗ. 1920ರ ದಶಕದ ಕೊನೆಗೆ ಕುಮಾವೂನಿನ ರಾಣಿಖೇತಿನಲ್ಲಿ ಗುರುತಿಸಿದ್ದರಿಂದ ಬಂದ ಹೆಸರು. ಇಂಗ್ಲೆಂಡಿನವರು ಅದನ್ನೇ ತಮ್ಮ ನ್ಯೂಕಾಸಲ್ ಊರಿನ ಹೆಸರಿನಿಂದ ಕರೆಯುತ್ತಾರೆ. ಕನ್ನಡದ ಹೆಸರಿನ ಮೂಲ ಏನೇ ಇರಲಿ, ಕೋಳಿಯ ಸಾವಿಗೂ ಗದ್ದೆಯ ಕೊಕ್ಕರೆಯನ್ನು ಕಟಕಟೆಗೆ ತಂದು ನಿಲ್ಲಿಸಿದಂತೆ ಅದು ಕೇಳಿಸುತ್ತದೆ.

ಕೊಕ್ಕರೆ ರೋಗ ತಗಲಿದ ಕೋಳಿ ರೆಕ್ಕೆ ಇಳಿಬಿಡುತ್ತದೆ, ಹಸಿರಾಗಿ ಭೇದಿ ಮಾಡುತ್ತದೆ, ಏದುಸಿರು ಬಿಡುತ್ತದೆ, ಕತ್ತು ತಿರುಚಿ ಬೀಳುತ್ತದೆ. ಎರಡು ದಿನದಲ್ಲಿ ಕೇರಿಯ ಗೂಡುಗಳೆಲ್ಲ ಖಾಲಿ. ಹಕ್ಕಿಜ್ವರವೂ ಹೆಚ್ಚುಕಡಿಮೆ ಹೀಗೆಯೇ ಕೊಲ್ಲುತ್ತದೆ. ಕಣ್ಣಿನಿಂದ ನೋಡಿ ಇವೆರಡನ್ನು ಬೇರ್ಪಡಿಸುವುದು ಅನುಭವಿ ವೈದ್ಯನಿಗೂ ಕಷ್ಟ. ಆದರೆ ಒಂದು ಮನುಷ್ಯನಿಗೆ ಹೆಚ್ಚೆಂದರೆ ಕಣ್ಣುಬೇನೆ ತಂದೀತು. ಇನ್ನೊಂದು ಪ್ರಾಣವನ್ನೇ ತೆಗೆಯಬಲ್ಲದು. ಮೊದಲನೆಯದಕ್ಕೆ ಒಳ್ಳೆಯ ಲಸಿಕೆಯಿದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರದ ಹೊತ್ತಿಗೆ ಒಂದು ಚುಚ್ಚುಮದ್ದು. ಆದರೆ ಲಸಿಕೆಯ ಬಾಟಲಿ ನೂರು ಕೋಳಿಗಳ ಲೆಕ್ಕದ್ದು. ಅದನ್ನು ತಣ್ಣಗೆ ಇಡಬೇಕು. ಒಮ್ಮೆ ಕಲಸಿದರೆ ಕೆಲವೇ ತಾಸುಗಳಲ್ಲಿ ಮುಗಿಸಬೇಕು. ಆರು ಕೋಳಿಗಳ ಒಡತಿ ನೂರರ ಬಾಟಲಿಯನ್ನು ಏನು ಮಾಡಬೇಕು? ಶಾಖಕ್ಕೆ ಬೇಗ ಕೆಡದ ಲಸಿಕೆಯೊಂದನ್ನು ಹಳ್ಳಿಯ ಕೋಳಿಗಳಿಗೆಂದೇ ಆಸ್ಟ್ರೇಲಿಯದಲ್ಲಿ ಸಿದ್ಧಪಡಿಸಿ, ಆಫ್ರಿಕದ ಹಳ್ಳಿಗಳಲ್ಲಿ ಬಳಸಿ ನೋಡಿದ್ದಾರೆ. ಅದು ನಮ್ಮ ಕೇರಿಗಳಲ್ಲಿ ಮಾತಿನ ವಿಷಯವೂ ಆಗಿಲ್ಲ. ಹೀಗಾಗಿ ಕೋಳಿ ಸಾಯುವುದು ಮಳೆ ಬಂದಷ್ಟೇ ಸಹಜವೆಂಬ ಭಾವನೆ ಬೆಳೆದಿದೆ. ಸಹಜವಾದದ್ದನ್ನು ಯಾರೂ ವರದಿ ಮಾಡುವುದಿಲ್ಲ. ಈ ಮೌನದ ಮರೆಯಲ್ಲಿ ಎರಡನೆಯ ರೋಗ ಬಂದರೆ ಅದರ ಮೊದಲ ಹೆಜ್ಜೆ ಯಾರ ಕಿವಿಗೂ ಬೀಳಲಾರದು.

ಮೌನಕ್ಕೆ ಇನ್ನೂ ಬಲವಾದ ಕಾರಣವೊಂದಿದೆ. ಅದನ್ನು ನಾವೇ ನಿಯಮದಲ್ಲಿ ಬರೆದಿಟ್ಟಿದ್ದೇವೆ. ಹಕ್ಕಿಜ್ವರ ನಿಯಂತ್ರಣದಲ್ಲಿ ಸರಕಾರ ಕೊಡುವ ಪರಿಹಾರ ತಾನು ಕೊಂದ ಕೋಳಿಗೆ ಮಾತ್ರ. ರೋಗದಿಂದ ಸತ್ತ ಕೋಳಿಗೆ ಇಲ್ಲ. ದೊಡ್ಡ ಸಾಕಣೆಯವನಿಗೆ ಈ ನಿಯಮ ಬೇಗ ತಿಳಿಸೆಂಬ ಪ್ರೇರಣೆಯಾದೀತು. ಅವನಲ್ಲಿ ಐದು ಸಾವಿರದಲ್ಲಿ ನೂರು ಸತ್ತಾಗ ಉಳಿದ ನಾಲ್ಕು ಸಾವಿರದ ಒಂಬತ್ತುನೂರಕ್ಕೆ ಬೆಲೆಯಿದೆ. ಆರು ಕೋಳಿಗಳವಳಿಗಾದರೋ ಎಚ್ಚರವಾಗುವ ಹೊತ್ತಿಗೆ ಐದು ಸತ್ತಿರುತ್ತವೆ. ಆಕೆ ಪಶುವೈದ್ಯಶಾಲೆಗೆ ಹೋಗಿ ಹೇಳಿದರೆ ಸಿಗುವುದು ಒಂದು ಕೋಳಿಯ ಬೆಲೆ. ಜೊತೆಗೆ ಇಡೀ ಕೇರಿಯ ಕೋಳಿಗಳನ್ನು ಕೊಲ್ಲಿಸಿದವಳೆಂಬ ಅಪಖ್ಯಾತಿ. ಹೇಳದೆ ಹೂಳಿದರೆ, ಅಥವಾ ಸಾಯುವ ಮೊದಲೇ ಕುಯ್ದು ಸಾರು ಮಾಡಿದರೆ, ನಷ್ಟ ಅಷ್ಟಕ್ಕೇ ನಿಲ್ಲುತ್ತದೆ. ಈಕೆಯನ್ನು ಅಜ್ಞಾನಿಯೆಂದು ಕರೆಯುವ ಕರಪತ್ರಗಳನ್ನು ನಾನು ಒಪ್ಪಲಾರೆ. ನಿಯಮವನ್ನು ಬರೆದವರಿಗಿಂತ ಲೆಕ್ಕ ಆಕೆಗೆ ಚೆನ್ನಾಗಿ ಬರುತ್ತದೆ.

ಕೋಳಿ ಅಂಕಗಳ ಮಾತನ್ನೂ ಇಲ್ಲಿ ಆಡಬೇಕು. ಕಾನೂನು ತಡೆದಿದ್ದರೂ ಕರಾವಳಿಯಲ್ಲಿ ಅದು ನಿಂತಿಲ್ಲ. ಹತ್ತೂರಿನ ಹುಂಜಗಳು ರಕ್ತ ಸುರಿಸಿ ಮತ್ತೆ ಹತ್ತೂರಿಗೆ ಮರಳುವ ಅಂಗಳಕ್ಕಿಂತ ವೈರಾಣುವಿಗೆ ಒಳ್ಳೆಯ ಸಂತೆ ಬೇಡ. ಅದು ಕದ್ದು ನಡೆಯುವುದಾದ್ದರಿಂದ ರೋಗದ ಜಾಡು ಹಿಡಿದು ಹೋದವರಿಗೆ ಅಲ್ಲಿಯ ಮಾತು ಯಾರ ಬಾಯಿಂದಲೂ ಹೊರಡುವುದಿಲ್ಲ. ತನಿಖೆಗೆ ಬೇಕಾದ ಮೊದಲ ಉಪಕರಣ ಸೂಕ್ಷ್ಮದರ್ಶಕವಲ್ಲ, ಸತ್ಯ ಹೇಳಿದವನಿಗೆ ಕೇಡಾಗದೆಂಬ ಭರವಸೆ.

ಇತ್ತ ಕಾರವಾರದಲ್ಲಿ ಬೈತಖೋಲದ ಬಂದರಿಗೆ ದೋಣಿ ತಾಗಿದಾಗ ಮೀನಿನ ಚೂರಿಗಾಗಿ ಕಡಲಹಕ್ಕಿ, ಕಾಗೆ, ಗರುಡ, ಬೆಳ್ಳಕ್ಕಿ ಎಲ್ಲವೂ ಒಂದೇ ಪಂಕ್ತಿಯಲ್ಲಿ ಸೇರುತ್ತವೆ. ಆರ್ಕ್ಟಿಕ್ ಕಡೆಯಿಂದ ಬಂದ ಅತಿಥಿಯ ಎಂಜಲನ್ನು ಕೋಡಿಬಾಗದ ಕಾಗೆ ತಿನ್ನುತ್ತದೆ. ಆ ಕಾಗೆ ಸಂಜೆ ಯಾರದೋ ಅಂಗಳದ ಕೋಳಿಯ ಬಟ್ಟಲಿಗೆ ಕೊಕ್ಕು ಹಾಕುತ್ತದೆ. 2020ರ ಡಿಸೆಂಬರಿನ ಕೊನೆಯಲ್ಲಿ ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ಹಕ್ಕಿಜ್ವರದ ಮೊದಲ ಸುಳುಹು ಕೊಟ್ಟವು ಉದುರಿಬಿದ್ದ ಕಾಗೆಗಳೇ. ಅಂಕೋಲೆಯ ನೆರೆಯ ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯ ಮನ್ನಣೆ ದೊರೆತದ್ದು ಸಂತೋಷವೇ. ಆದರೆ ಹಕ್ಕಿಗಳು ಸೇರುವ ಜಾಗವೆಂದು ಫಲಕ ನೆಟ್ಟಲ್ಲಿ, ಹಕ್ಕಿ ಸತ್ತರೆ ಯಾರಿಗೆ ತಿಳಿಸಬೇಕೆಂಬ ಒಂದು ಸಾಲು ಕೂಡ ಇರಬೇಕಲ್ಲವೆ? ಯಂತ್ರ ಹೊತ್ತ ಹಕ್ಕಿ ಬಂದರೆ ಕಾರವಾರದಲ್ಲಿ ಪೋಲೀಸರಿಗೆ, ಅರಣ್ಯದವರಿಗೆ ಕೂಡಲೇ ಕರೆ ಹೋಗುತ್ತದೆ. ಯಂತ್ರವಿಲ್ಲದ ಐದು ಹಕ್ಕಿಗಳು ಮರಳಮೇಲೆ ಸತ್ತು ಬಿದ್ದರೆ ಕರೆ ಹೋಗುತ್ತದೆಯೆ? ಬಲೆ ಬಿಡಿಸುತ್ತ ಕೂತವನು ಅವನ್ನು ಎಲ್ಲರಿಗಿಂತ ಮೊದಲು ನೋಡಿರುತ್ತಾನೆ, ಅವನನ್ನು ಕೇಳಿದವರಿಲ್ಲ.

ಕಾರವಾರದಿಂದ ಭೋಪಾಲಕ್ಕೆ ರಸ್ತೆಯಲ್ಲಿ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಹಿಮದ ಪೆಟ್ಟಿಗೆ ಅಲ್ಲಿಗೆ ತಲುಪುವಷ್ಟರಲ್ಲಿ ದಿನಗಳು ಕಳೆಯುತ್ತವೆ. ಅದನ್ನು ಕಡಿಮೆ ಮಾಡುವುದು ಜಿಲ್ಲೆಯ ಕೈಯಲ್ಲಿಲ್ಲ. ಆದರೆ ಕೋಳಿ ಸತ್ತ ಗಳಿಗೆಯಿಂದ ಪೆಟ್ಟಿಗೆ ಮುಚ್ಚುವ ಗಳಿಗೆಯವರೆಗಿನ ಕಾಲ ಪೂರ್ತಿ ನಮ್ಮದೇ. ಆ ಕಾಲವನ್ನು ಕುಗ್ಗಿಸಬೇಕಾದರೆ, ಕೇರಿಯಲ್ಲಿ ಮೊದಲು ಸತ್ತ ಕೋಳಿಯನ್ನು ಮೊದಲ ದಿನವೇ ತಂದೊಪ್ಪಿಸಿದವಳಿಗೆ ಆ ಸತ್ತ ಕೋಳಿಯ ಬೆಲೆಯನ್ನು ಕೊಡುವುದು ಒಂದು ದಾರಿ. ಕೊಕ್ಕರೆ ರೋಗವೆಂದು ಗೊತ್ತಾದರೂ ಕೊಡಬೇಕು, ಹಕ್ಕಿಜ್ವರವೆಂದು ಗೊತ್ತಾದರೂ ಕೊಡಬೇಕು, ಏನೆಂದು ಗೊತ್ತಾಗದಿದ್ದರೂ ಕೊಡಬೇಕು. ಜೊತೆಗೆ ಹತ್ತು ಹದಿನೈದು ಮನೆಗಳನ್ನು ಒಂದೇ ಬೆಳಗ್ಗೆ ಸೇರಿಸಿ ನೂರರ ಬಾಟಲಿಯನ್ನು ಅಲ್ಲಿಯೇ ಮುಗಿಸಬಹುದು. ಎರಡು ತಾಲೂಕುಗಳಲ್ಲಿ ಇದಕ್ಕೆ ತಗಲುವ ಹಣವು, ಒಂದು ಕಿಲೋಮೀಟರಿನ ಕೋಳಿಗಳನ್ನೆಲ್ಲ ಕೊಂದು ಹೂಳುವ ಒಂದು ದಿನದ ಖರ್ಚಿಗೆ ಸಮನಾದೀತೆಂದು ನನಗೆ ತೋರುವುದಿಲ್ಲ. ಮಳೆಗಾಲ ಕಳೆದು, ಉತ್ತರದ ಹಕ್ಕಿಗಳು ಕಾಳಿಯ ಅಳಿವೆಗೆ ಇಳಿಯುವ ಮೊದಲೇ ಇದನ್ನು ಒಮ್ಮೆ ಮಾಡಿ ನೋಡಬಹುದು.